ಬಿಲ್ ಕೇಳಿದ್ದಕ್ಕೆ ಗೆಳೆಯ ಮಾತು ಬಿಟ್ಟ. ಸಭೆಯೊಳಗಿನ ಜಗಳ ಬಗೆಹರಿಸೋದು ಹೇಗೆ?

ಹಳೇ ಖಜಾಂಚಿ

ಎಲ್ಲರಿಗೂ ವಂದನೆಗಳು. ಇಲ್ಲಿ ತುಂಬಾ ದಿನದಿಂದ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಆರು ವರ್ಷದಿಂದ ನಾನೇ ಖಜಾಂಚಿ. ಸೌಂಡ್ ಸಿಸ್ಟಮ್ ನೋಡಿಕೊಳ್ಳುವವನು ನನ್ನ ಗೆಳೆಯ. ಇಬ್ಬರೂ ಸಭೆಗೆ ಸೇರುವುದಕ್ಕೂ ಮುಂಚಿನ ಗೆಳೆತನ. ಮೂರು ತಿಂಗಳ ಹಿಂದೆ ಒಂದು ಶನಿವಾರ ಸಂಜೆ ಸೌಂಡ್ ಮಿಕ್ಸರ್ ಸುಟ್ಟುಹೋಯಿತು. ಭಾನುವಾರದ ಆರಾಧನೆ ಮೈಕ್ ಇಲ್ಲದೆ ನಿಲ್ಲಬಾರದು ಅಂತ ಅವನೇ ಕೈಯಿಂದ ದುಡ್ಡು ಹಾಕಿ, ರಾತ್ರೋರಾತ್ರಿ ಬೇರೆ ತಂದು ಜೋಡಿಸಿದ. ಆಮೇಲೆ ನನ್ನ ಕೈಗೆ ಒಂದು ಚೀಟಿ ಕೊಟ್ಟ. ಪೆನ್ನಿನಲ್ಲಿ ಬರೆದ ಮೊತ್ತ ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ.

ಲೆಕ್ಕ ತಪಾಸಣೆ ಹತ್ತಿರ ಬಂದಿತ್ತು. ಕಮಿಟಿ ಮೀಟಿಂಗಿನಲ್ಲಿ ವಿಷಯ ಬಂದಾಗ ನಾನು, "ಬಿಲ್ ಇಲ್ಲದೆ ದುಡ್ಡು ಕೊಡೋಕೆ ಆಗಲ್ಲ, ಯಾರಾದರೂ ಸರಿ" ಅಂದೆ. ಹನ್ನೊಂದು ಜನ ಕೂತಿದ್ದರು. ಅವನು ಅಂಗಿಯ ಜೇಬಿನ ಹತ್ತಿರ ಕೈ ತಂದವನು ಹಾಗೇ ನಿಲ್ಲಿಸಿದ. ಆಮೇಲೆ ಪ್ಯಾಂಟಿನ ಜೇಬಿನಿಂದ ಸೌಂಡ್ ರೂಮಿನ ಬೀಗದ ಕೈ ತೆಗೆದು ಮೇಜಿನ ಮೇಲೆ ಇಟ್ಟ. ಒಂದು ಮಾತೂ ಆಡಲಿಲ್ಲ. ಎದ್ದು, ಕುರ್ಚಿಯನ್ನು ಒಳಕ್ಕೆ ತಳ್ಳಿ ಹೋದ. ನನಗೆ ಜಾಸ್ತಿ ನೆನಪಿರುವುದು ಆ ಕುರ್ಚಿ. ಸಿಟ್ಟಿನಲ್ಲಿ ಹೋಗುವವನು ಕುರ್ಚಿ ಸರಿಮಾಡಿ ಹೋಗುತ್ತಾನಾ?

ಸಹೋದರರ ನಡುವಿನ ತಪ್ಪನ್ನು ಹೆಜ್ಜೆ ಹೆಜ್ಜೆಯಾಗಿ ಸರಿಮಾಡಿಕೊಳ್ಳಿ ಅಂತ ಬೈಬಲಿನ ಮತ್ತಾಯ 18ರಲ್ಲಿ ಇದೆಯಲ್ಲ, ಅದರಲ್ಲಿ ಹೇಳಿದ ಹಾಗೇ ನಡೆದುಕೊಂಡೆ ಅಂದುಕೊಂಡಿದ್ದೆ. ಎರಡು ವಾರ ಬಿಟ್ಟು ಇಬ್ಬರು ಹಿರಿಯರನ್ನು ಕರೆದುಕೊಂಡು ಅವನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, "ಸಾಕ್ಷಿ ಸಮೇತ ಬಂದಿದ್ದೀಯಾ?" ಅಂದ. ಒಳಗೆ ಕರೆಯಲಿಲ್ಲ. ಅಲ್ಲಿಂದೀಚೆಗೆ ಸಭೆಗೆ ಬರುತ್ತಿಲ್ಲ. ಹೆಂಡತಿ ಬರುತ್ತಾರೆ, ಕೊನೇ ಸಾಲಿನಲ್ಲಿ ಕೂತು, ಆಶೀರ್ವಾದ ಮುಗಿಯುವ ಮೊದಲೇ ಹೊರಡುತ್ತಾರೆ. ಬುಧವಾರದ ಪ್ರಾರ್ಥನಾ ಕೂಟದಲ್ಲಿ ಯಾರೋ "ಕಠಿಣ ಹೃದಯದವರಿಗಾಗಿ ಪ್ರಾರ್ಥಿಸೋಣ" ಅಂದರು. ಕಣ್ಣು ಮುಚ್ಚುವ ಮೊದಲು ನಾಲ್ಕು ಜನ ನನ್ನ ಕಡೆ ನೋಡಿದರು. ಈಗ ಸಭೆಯಲ್ಲಿ ಅವನ ಕಡೆಯವರು, ನನ್ನ ಕಡೆಯವರು ಅಂತ ಆಗಿದೆ.

ನನ್ನ ಪ್ರಶ್ನೆ ಮೂರು. ಬಿಲ್ ಕೇಳಿದ್ದು ತಪ್ಪಾ? ಇನ್ನು ಮೂರನೇ ಹೆಜ್ಜೆ ಇಡಬೇಕಾ, ಅಂದರೆ ಸಭೆಯ ಮುಂದೆ ಹೇಳಬೇಕಾ? ಮುಂದಿನ ಭಾನುವಾರ ಕರ್ತನ ಭೋಜನ ಇದೆ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು. ನಾನು ತೆಗೆದುಕೊಳ್ಳಬಹುದಾ?

ಆಲ್ಟೋ ಅಕ್ಕ

ತಮ್ಮಾ, ನೀವು ಎರಡನೇ ಮೆಟ್ಟಿಲಿಂದ ಹತ್ತಲು ಶುರು ಮಾಡಿದ್ದೀರಿ. 15ನೇ ವಚನ ಮತ್ತೆ ಓದಿ. "ನೀನೂ ಅವನೂ ಇಬ್ಬರೇ ಇರುವಾಗ" ಅಂತ ಇದೆ. ಇಬ್ಬರು ಹಿರಿಯರು ಬರುವುದು 16ನೇ ವಚನದಲ್ಲಿ, ಮೊದಲನೆಯದು ಕೈಕೊಟ್ಟ ಮೇಲೆ. ಮೂರು ಜನ ಗಂಡಸರು ಬಾಗಿಲಿಗೆ ಬಂದು ನಿಂತರೆ ಯಾರಿಗಾದರೂ ಪಂಚಾಯಿತಿ ಬಂದಂತೆ ಅನಿಸುತ್ತದೆ.

ಮೂರನೇ ಹೆಜ್ಜೆ ಅಂತೂ ಈಗ ಬೇಡವೇ ಬೇಡ.

ನನ್ನದೂ ಒಂದು ಇದೆ. ಕಾಯಿರ್‌ನಲ್ಲಿ ನನ್ನ ಪಕ್ಕ ನಿಲ್ಲುವವಳ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ. ಕಾರಣ ಕೇಳಬೇಡಿ, ಬರೆದರೆ ನೀವೇ ನಗುತ್ತೀರಿ. ಎರಡು ವರ್ಷವೂ ಭುಜಕ್ಕೆ ಭುಜ ತಾಗಿಸಿಕೊಂಡು ಸಮಾಧಾನದ ಹಾಡು ಹಾಡಿದ್ದೇವೆ! ಒಂದು ದಿನ ಹಾಡಿನ ಪುಸ್ತಕ ಕಡಿಮೆ ಬಿದ್ದವು. ಒಂದೇ ಪುಸ್ತಕವನ್ನು ಇಬ್ಬರೂ ಹಿಡಿಯಬೇಕಾಯಿತು. ಅವಳ ಹೆಬ್ಬೆರಳು ಸರಿಯಾಗಿ ನಾನು ಹಾಡುವ ಆಲ್ಟೋ, ಅಂದರೆ ಹೆಂಗಸರ ಕೆಳಸ್ವರದ ಸಾಲಿನ ಮೇಲೆ. ನಾನೂ ಕೇಳಲಿಲ್ಲ, ಬಾಯಿಗೆ ಬಂದದ್ದು ಹಾಡುತ್ತಿದ್ದೆ. ಎರಡನೇ ಚರಣಕ್ಕೆ ಅವಳು ಬೆರಳು ಸರಿಸಿದಳು. ಅಷ್ಟೇ. ಪ್ರಾಕ್ಟೀಸ್ ಮುಗಿದ ಮೇಲೆ "ಆಗ್ಲೇ ಹೇಳೋದಲ್ವಾ, ಕಾಣ್ತಿಲ್ಲ ಅಂತ" ಅಂದಳು. ಎರಡು ವರ್ಷದ ಎಲ್ಲದಕ್ಕೂ ಆ ಒಂದು ಮಾತೇ ಸಾಕಿತ್ತು ಅನಿಸಿತು.

ಒಬ್ಬರೇ ಹೋಗಿ. ಬೈಬಲ್ ಕೈಯಲ್ಲಿ ಹಿಡಿದುಕೊಂಡು ಹೋಗಬೇಡಿ.

ಬಿಲ್ ಅಂದರೆ ಬಿಲ್ಲೇ

ನಾನೂ ಖಜಾಂಚಿ, ಬೇರೆ ಸಭೆಯಲ್ಲಿ. ಎಲ್ಲರೂ ಇವರ ಮೇಲೆ ಬೀಳುವ ಮೊದಲು ಒಂದು ಮಾತು. ಇವರು ಕೇಳಿದ್ದರಲ್ಲಿ ತಪ್ಪೇನಿದೆ? ಕಾಣಿಕೆ ದುಡ್ಡು ಯಾರಪ್ಪನ ಮನೆಯದೂ ಅಲ್ಲ. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಪೌಲನೇ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. 2 ಕೊರಿಂಥ 8 ನೋಡಿ. ಸಭೆಗಳು ಆರಿಸಿದ ಬೇರೆಯವರನ್ನು ಜೊತೆಗೆ ಕಳಿಸಿದ. ಯಾರೂ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅನ್ನುವುದು ಅವನ ಲೆಕ್ಕ. ಅಪೊಸ್ತಲನಿಗೇ ಅದು ಅವಮಾನ ಅನಿಸಲಿಲ್ಲ. ಸೌಂಡ್ ನೋಡಿಕೊಳ್ಳುವವರಿಗೆ ಯಾಕೆ ಅನಿಸಬೇಕು?

ಸಭೆಯಲ್ಲಿ "ನಮ್ಮವರೇ ಅಲ್ವಾ, ಬಿಡಿ" ಅಂದುಕೊಂಡೇ ಲೆಕ್ಕ ಹಾಳಾಗುವುದು. ಆಮೇಲೆ ಆಗುವ ಜಗಳದ ಮುಂದೆ ಇದು ಏನೂ ಅಲ್ಲ.

ಪಾಸ್ಟರ್ ಮಗ

"ಕಠಿಣ ಹೃದಯದವರಿಗಾಗಿ ಪ್ರಾರ್ಥಿಸೋಣ." ಆಹಾ. ಪ್ರಾರ್ಥನಾ ವಿಷಯ ಅಂತ ಹೆಸರಿಟ್ಟರೆ ಚಾಡಿಗೂ ಆಮೆನ್ ಸಿಗುತ್ತದೆ. ಕಟ್ಟಿಗೆ ಇಲ್ಲದಿದ್ದರೆ ಬೆಂಕಿ ಆರುತ್ತದೆ, ಚಾಡಿಕೋರ ಇಲ್ಲದಿದ್ದರೆ ಜಗಳ ಶಮನವಾಗುತ್ತದೆ ಅಂತ ಜ್ಞಾನೋಕ್ತಿ 26:20 ಹೇಳುತ್ತದೆ. ನಮ್ಮ ಸಭೆಗಳಲ್ಲಿ ಕಟ್ಟಿಗೆ ಹೊರುವ ಸೇವೆಗೆ ಯಾವತ್ತೂ ಜನ ಕಡಿಮೆ ಆಗಿಲ್ಲ.

ನಾನು ಬೆಳೆದ ಮನೆಯಲ್ಲಿ ಜಗಳ ಆಡಿದ ಎರಡು ಕಡೆಯವರೂ ಬರುತ್ತಿದ್ದರು, ಬೇರೆ ಬೇರೆ ಸಂಜೆ. ಅಪ್ಪ ಇಬ್ಬರಿಗೂ "ಹೂಂ, ಹೂಂ" ಅನ್ನುತ್ತಿದ್ದರು. ಇಬ್ಬರೂ "ಪಾಸ್ಟರ್ ನಮ್ಮ ಕಡೆ ಇದ್ದಾರೆ" ಅಂದುಕೊಂಡು ಹೋಗುತ್ತಿದ್ದರು. ನಾನು ಒಳಕೋಣೆಯಲ್ಲಿ ಹೋಂವರ್ಕ್ ಮಾಡುತ್ತಾ ಎರಡೂ ಕತೆ ಕೇಳಿಸಿಕೊಳ್ಳುತ್ತಿದ್ದೆ. ಎರಡೂ ನಿಜ ಅನಿಸುತ್ತಿತ್ತು. ಮೊದಲು ವಾದಿಸುವವನು ಸರಿ ಅನಿಸುತ್ತಾನೆ, ಇನ್ನೊಬ್ಬ ಬಂದು ವಿಚಾರಿಸುವ ತನಕ ಅಂತ ಅದೇ ಪುಸ್ತಕದ 18:17 ಇದೆ. ಹಾಗಾಗಿ ಖಜಾಂಚಿಯವರೇ, ಕೋಪ ಮಾಡಿಕೊಳ್ಳಬೇಡಿ. ನಾವು ಇಲ್ಲಿ ನಿಮ್ಮ ಕತೆ ಮಾತ್ರ ಓದಿದ್ದೇವೆ.

ಹಳೇ ಖಜಾಂಚಿ

ಕೋಪ ಇಲ್ಲ. ಅವನು ಬರೆದರೆ ಹೇಗೆ ಬರೆಯುತ್ತಿದ್ದ ಅಂತ ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. "ಹನ್ನೊಂದು ಜನರ ಮುಂದೆ ನನ್ನನ್ನು ಕಳ್ಳನನ್ನಾಗಿ ಮಾಡಿದ" ಅಂತ ಬರೆಯುತ್ತಿದ್ದ ಅನಿಸುತ್ತದೆ. ನಾನು ಆ ಮಾತು ಆಡಿಲ್ಲ. ಆದರೆ ಫೋನ್ ಮಾಡಿ ಕೇಳಬಹುದಿತ್ತು. ಅದಕ್ಕೆ ಎರಡು ನಿಮಿಷ ಸಾಕಿತ್ತು. ಯಾಕೆ ಮಾಡಲಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ.

ನಿವೃತ್ತ ಸಭಾಪಾಲಕ

ಸಹೋದರರೇ, ಸಭೆಯಲ್ಲಿ ಜಗಳ ಆಯಿತು ಅಂದರೆ ನಾವು ನಾಚಿಕೆಯಿಂದ ಮುಚ್ಚಿಡುತ್ತೇವೆ. ಆದಿ ಸಭೆಯಲ್ಲಿ ಹೀಗಿರಲಿಲ್ಲ ಅನ್ನುತ್ತೇವೆ. ಹೀಗೇ ಇತ್ತು. ಬಚ್ಚಿಡದೆ ಬರೆದಿಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ.

ಅಪೊಸ್ತಲರ ಕೃತ್ಯಗಳು 6 ತೆಗೆಯಿರಿ. ದಿನದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಅಂತ ಗ್ರೀಕ್ ಮಾತಾಡುವ ಯೆಹೂದ್ಯರು ಗೊಣಗಿದರು. ಅಪೊಸ್ತಲರು "ಗೊಣಗಬೇಡಿ, ಪ್ರಾರ್ಥನೆ ಮಾಡಿ" ಅನ್ನಲಿಲ್ಲ. ಏಳು ಜನರನ್ನು ಆರಿಸಿ ಅಂದರು. ಆರಿಸಿದ ಹೆಸರುಗಳನ್ನು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳೇ. ದೂರು ಯಾವ ಕಡೆಯಿಂದ ಬಂತೋ ಆ ಕಡೆಯವರ ಕೈಗೇ ಹಂಚುವ ಕೆಲಸ ಕೊಟ್ಟಂತಿದೆ. ನನ್ನ ಸೇವೆಯಲ್ಲಿ ಇದನ್ನು ಮಾಡುವ ಧೈರ್ಯ ನನಗೆ ಒಂದೇ ಸಲ ಬಂದದ್ದು.

ಇನ್ನು ಪೌಲ, ಬಾರ್ನಬ. ಪಂಫುಲ್ಯದಲ್ಲಿ ಅರ್ಧಕ್ಕೆ ಬಿಟ್ಟುಹೋದ ಮಾರ್ಕನನ್ನು ಮತ್ತೆ ಕರೆದುಕೊಂಡು ಹೋಗಬೇಕೋ ಬೇಡವೋ ಅಂತ ಇಬ್ಬರಿಗೂ ಜಗಳ. ಅದೇ ಪುಸ್ತಕದ 15ನೇ ಅಧ್ಯಾಯದಲ್ಲಿ ಅದಕ್ಕೆ ಬಳಸಿದ ಗ್ರೀಕ್ ಪದದಿಂದಲೇ ವೈದ್ಯರ ಪರಾಕ್ಸಿಸಮ್ ಅನ್ನುವ ಮಾತು ಬಂದಿದೆ. ಮೈಗೆ ಏರಿದ ಹಾಗೆ ಬಂದ ಸಿಟ್ಟು ಅನ್ನಿ. ರಾಜಿ ಆಗಲಿಲ್ಲ. ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್ ಕಡೆ ಹಡಗು ಹತ್ತಿದ, ಪೌಲ ಸೀಲನ ಜೊತೆ ಇನ್ನೊಂದು ದಾರಿ ಹಿಡಿದ. ಯಾರು ಸರಿ ಅಂತ ಆ ಪುಸ್ತಕ ಬರೆದ ಲೂಕ ಹೇಳುವುದಿಲ್ಲ. ಆದರೆ ಎಷ್ಟೋ ಕಾಲದ ಮೇಲೆ 2 ತಿಮೊಥೆಯ 4:11ರಲ್ಲಿ ಪೌಲನದೇ ಒಂದು ಸಾಲು ಬರುತ್ತದೆ: ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ. ನಡುವೆ ಏನಾಯಿತೋ ಬರೆದಿಲ್ಲ. ಕೆಲವು ಜಗಳಗಳಿಗೆ ಅಷ್ಟು ವರ್ಷ ಬೇಕು, ಅದಕ್ಕೆ ಅವಸರ ಮಾಡಿ ಕೈ ಕುಲುಕಿಸಿದರೆ ಉಪಯೋಗವಿಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ಫಿಲಿಪ್ಪಿ 4. ಯುವೊದ್ಯ, ಸಂತುಕೆ ಅನ್ನುವ ಇಬ್ಬರು ಹೆಂಗಸರು. ಜಗಳದ ಕಾರಣ ಪತ್ರದಲ್ಲಿ ಇಲ್ಲ. ಪೌಲ ತೀರ್ಪು ಕೊಡುವುದಿಲ್ಲ. "ಬೇಡಿಕೊಳ್ಳುತ್ತೇನೆ" ಅನ್ನುವ ಮಾತನ್ನು ಇಬ್ಬರ ಹೆಸರಿಗೂ ಬೇರೆ ಬೇರೆಯಾಗಿ ಬಳಸುತ್ತಾನೆ, ಒಬ್ಬಳಿಗೆ ಒಂದು ಸಲ ಕಡಿಮೆ ಆಗದ ಹಾಗೆ. ಆಮೇಲೆ ಮೂರನೆಯವರೊಬ್ಬರಿಗೆ "ಇವರಿಗೆ ಸಹಾಯ ಮಾಡು" ಅನ್ನುತ್ತಾನೆ. ಯಾಕೆ? ಇವರು ಸುವಾರ್ತೆಗಾಗಿ ನನ್ನ ಜೊತೆ ಹೋರಾಡಿದವರು. ಜಗಳಕ್ಕಿಂತ ಮುಂಚೆ ಅವರು ಯಾರಾಗಿದ್ದರು ಅನ್ನುವುದನ್ನು ನೆನಪಿಸುತ್ತಾನೆ.

ಕರ್ತನ ಭೋಜನದ ವಿಷಯ. ಮತ್ತಾಯ 5:23 ನಿಧಾನವಾಗಿ ಓದಿ. ನಿನಗೆ ನಿನ್ನ ಸಹೋದರನ ಮೇಲೆ ಸಿಟ್ಟಿದ್ದರೆ ಅಂತ ಅಲ್ಲ. ಅವನಿಗೆ ನಿನ್ನ ಮೇಲೆ ಏನಾದರೂ ಇದೆ ಅಂತ ನೆನಪಾದರೆ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗು. ನಿಮ್ಮ ಮನಸ್ಸು ಸ್ವಚ್ಛ ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಆದರೆ ಹೋದ ಮೇಲೂ ಅವರು ಒಪ್ಪದಿದ್ದರೆ? ಇಂಗ್ಲೆಂಡಿನ ಸಭೆಯ 1662ರ ಪ್ರಾರ್ಥನಾ ಪುಸ್ತಕದಲ್ಲಿ ಇದಕ್ಕೊಂದು ಸೂಚನೆ ಇದೆ. ಇಬ್ಬರಲ್ಲಿ ಒಬ್ಬ ಮನಸಾರೆ ಕ್ಷಮಿಸಲು, ತಾನು ಮಾಡಿದ್ದನ್ನು ಸರಿಪಡಿಸಲು ತಯಾರಿದ್ದು, ಇನ್ನೊಬ್ಬ ಹಟ ಹಿಡಿದರೆ, ತಯಾರಿರುವವನಿಗೆ ಭೋಜನ ಕೊಡಬೇಕು. ಸರಿಪಡಿಸಲು ಅನ್ನುವ ಮಾತನ್ನು ಬಿಡಬೇಡಿ.

ಇಷ್ಟೆಲ್ಲ ಹೇಳುವ ನಾನು ಮಾಡಿದ ತಪ್ಪೂ ಹೇಳಿಬಿಡುತ್ತೇನೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂತ ನಾನು ಎಷ್ಟೋ ಸಲ ಒಬ್ಬರಿಗೆ ಹೇಳಬೇಕಾದ್ದನ್ನು ಪ್ರಸಂಗದಲ್ಲಿ ಎಲ್ಲರಿಗೂ ಹೇಳಿದ್ದೇನೆ. ಯಾರಿಗೆ ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು. ಅವರಿಗೆ ಎದ್ದು ಉತ್ತರ ಹೇಳಲು ಆಗುತ್ತಿರಲಿಲ್ಲ. ಅದು ಹೇಡಿತನ. ಪೇತ್ರನನ್ನು ಅಂತಿಯೋಕ್ಯದಲ್ಲಿ ಪೌಲ ಮುಖಾಮುಖಿಯಾಗಿ ಎದುರಿಸಿದ. ನಾನು ಪ್ರಸಂಗಪೀಠದ ಹಿಂದೆ ಅಡಗಿಕೊಂಡೆ.

ಹೊರಗೆ ನಿಂತವಳು

ಎಲ್ಲ ಓದಿದೆ. ಖಜಾಂಚಿಯವರ ಜಗಳಕ್ಕೆ ನೀವು ಹೇಳಿದ್ದು ಸರಿ ಇರಬಹುದು. ಆದರೆ ಇದನ್ನು ಓದುವ ಬೇರೆ ಯಾರಿಗೋ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ.

"ಮೊದಲು ಒಬ್ಬಳೇ ಹೋಗಿ ಅವರ ಹತ್ತಿರ ಮಾತಾಡು, ಮತ್ತಾಯ 18 ಗೊತ್ತಲ್ವಾ" ಅಂತ ನನಗೂ ಹೇಳಿದ್ದರು. ನನ್ನ ದೂರು ಇದ್ದದ್ದು ನಾನಿದ್ದ ಸಭೆಯ ಒಬ್ಬ ಮುಖಂಡರ ಮೇಲೆ, ಯುವಜನರ ಕೂಟದ ಹುಡುಗಿಯರ ಜೊತೆ ಅವರು ನಡೆದುಕೊಳ್ಳುತ್ತಿದ್ದ ರೀತಿಯ ಬಗ್ಗೆ. ನನಗೆ ಆಗ ಹತ್ತೊಂಬತ್ತು ವರ್ಷ. ಅವರ ಆಫೀಸಿಗೆ ಒಬ್ಬಳೇ ಹೋಗಬೇಕಂತೆ. ಹೋಗಲಿಲ್ಲ. "ವಾಕ್ಯದ ಪ್ರಕಾರ ನಡೆಯಲಿಲ್ಲ" ಅಂತ ತಪ್ಪು ನನ್ನದೇ ಆಯಿತು. ಆಮೇಲೆ ಎಲ್ಲರೂ ಸೇರಿ ಕ್ಷಮೆಯ ಬಗ್ಗೆ ನನಗೆ ಪಾಠ ಮಾಡಿದರು. ನಾನು ಆ ಸಭೆ ಬಿಟ್ಟೆ. ದೇವರನ್ನು ಬಿಡಲಿಲ್ಲ, ಆದರೆ ಬಾಗಿಲ ಹೊರಗೇ ಎಷ್ಟೋ ವರ್ಷ ನಿಂತಿದ್ದೆ.

ಇಬ್ಬರು ಸಮಾನರ ನಡುವಿನ ಮನಸ್ತಾಪ ಬೇರೆ. ಅಧಿಕಾರ ಇರುವವನು ಇಲ್ಲದವರಿಗೆ ಮಾಡುವ ಕೆಡುಕು ಬೇರೆ. ಎರಡನ್ನೂ "ಜಗಳ" ಅನ್ನುವ ಒಂದೇ ಚೀಲಕ್ಕೆ ತುಂಬಬೇಡಿ. ಮಕ್ಕಳ ಮೇಲಿನ ದೌರ್ಜನ್ಯ, ಹೊಡೆತ, ಹಣದ ಮೋಸ ಇವು ಅಪರಾಧ. ಇದಕ್ಕೆ ಪೊಲೀಸರಿದ್ದಾರೆ, ಹಿರಿಯರ ಮೀಟಿಂಗ್ ಅಲ್ಲ. ಮತ್ತಾಯ 18ರಲ್ಲೇ, ಆ 15ನೇ ವಚನಕ್ಕೆ ಮೊದಲು, ಈ ಚಿಕ್ಕವರಲ್ಲಿ ಒಬ್ಬನನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದೇ ಮೇಲು ಅಂತ 6ನೇ ವಚನದಲ್ಲಿ ಇದೆ. ಅದನ್ನು ನನಗೆ ಯಾರೂ ಓದಿ ಹೇಳಲಿಲ್ಲ.

ಆಲ್ಟೋ ಅಕ್ಕ

ಓದಿ ಸುಮ್ಮನೆ ಕೂತುಬಿಟ್ಟೆ ಮಗಳೇ. ನಾನು ಮೇಲೆ ಹೆಬ್ಬೆರಳಿನ ಕತೆ ಹೇಳಿ "ಒಬ್ಬರೇ ಹೋಗಿ" ಅಂತ ಸುಲಭವಾಗಿ ಬರೆದೆ. ಎಲ್ಲರಿಗೂ ಅನ್ವಯಿಸುವ ಹಾಗೆ ಬರೆಯಬಾರದಿತ್ತು.

ಪ್ಯಾರಿಷ್ ಕೌನ್ಸಿಲ್ ಸದಸ್ಯ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾವು ಕ್ಯಾಥೋಲಿಕರು ಇದನ್ನು ಬಹಳ ತಡವಾಗಿ, ಬಹಳ ನೋವಿನಿಂದ ಕಲಿತೆವು. 2019ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ಕಾನೂನಿನ ಪ್ರಕಾರ, ಇಂಥ ದೌರ್ಜನ್ಯ ಗೊತ್ತಾದರೆ ಗುರುಗಳಾಗಲಿ, ಕನ್ಯಾಸ್ತ್ರೀಯರಾಗಲಿ, ಮೇಲಿನವರಿಗೆ ವರದಿ ಮಾಡಲೇಬೇಕು. ದೂರು ಕೊಟ್ಟವರ ಮೇಲೆ ಬಾಯಿ ಮುಚ್ಚಿಕೊಂಡಿರಿ ಅನ್ನುವ ಕಟ್ಟುಪಾಡು ಹೇರುವಂತಿಲ್ಲ ಅಂತಲೂ ಅದರಲ್ಲಿದೆ. ದೇಶದ ಕಾನೂನು ಹೇಳುವುದನ್ನು ಅದು ತಪ್ಪಿಸುವುದಿಲ್ಲ, ಅದಕ್ಕೆ ಜೊತೆಯಾಗಿ ನಿಲ್ಲುತ್ತದೆ.

ಇನ್ನೊಂದು ಕಡೆ, ಸಾಮಾನ್ಯ ತಕರಾರುಗಳಿಗೆ ನಮ್ಮ 1983ರ ಕ್ಯಾನನ್ ಕಾನೂನಿನ (ಕ್ಯಾಥೋಲಿಕ್ ಸಭೆಯದೇ ಕಾನೂನು) 1446ನೇ ವಿಧಿ, ಆದಷ್ಟು ವ್ಯಾಜ್ಯ ಬೇಡ, ಬೇಗ ಶಾಂತಿಯಿಂದ ಮುಗಿಸಿಕೊಳ್ಳಿ ಅನ್ನುತ್ತದೆ. ಆದರೆ "ನ್ಯಾಯಕ್ಕೆ ಧಕ್ಕೆ ಬಾರದಂತೆ" ಅನ್ನುವ ಮಾತನ್ನೂ ಸೇರಿಸುತ್ತದೆ. ಆ ಮಾತು ಅಲ್ಲಿ ಸುಮ್ನೆ ಇಲ್ಲ.

ಒಂದು ಹಳೇ ವಿಷಯ ನೆನಪಾಯಿತು. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠದವರಿಗೆ ನಿಯಮ ಬರೆದರಲ್ಲ, ಅದರ 13ನೇ ಅಧ್ಯಾಯದಲ್ಲಿ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಮುಖ್ಯಸ್ಥರೇ "ಪರಲೋಕದಲ್ಲಿರುವ ನಮ್ಮ ತಂದೆಯೇ" ಪ್ರಾರ್ಥನೆಯನ್ನು ಎಲ್ಲರಿಗೂ ಕೇಳುವ ಹಾಗೆ ಪೂರ್ತಿ ಹೇಳಬೇಕು ಅಂತ ಇದೆ. ಕಾರಣ? ಒಟ್ಟಿಗೆ ಬದುಕುವಲ್ಲಿ ಮನಸ್ತಾಪದ ಮುಳ್ಳುಗಳು ಹುಟ್ಟುತ್ತಲೇ ಇರುತ್ತವೆ. "ನಾವು ಕ್ಷಮಿಸಿದಂತೆ" ಅಂತ ಬಾಯಿಬಿಟ್ಟು ಹೇಳಿದವರು ಆ ಮಾತಿಗೆ ಕಟ್ಟುಬೀಳುತ್ತಾರೆ. ದಿನಕ್ಕೆ ಎರಡು ಸಲ! ಸನ್ಯಾಸಿಗಳಿಗೇ ಅಷ್ಟು ಬೇಕಿತ್ತು ಅಂದರೆ ನಮ್ಮ ಕಮಿಟಿಗಳ ಕತೆ ಏನು.

ಖಜಾಂಚಿಯವರೇ, ನಿಮ್ಮಲ್ಲಿ ತುರ್ತು ಖರ್ಚಿಗೆ ಏನಾದರೂ ನಿಯಮ ಇದೆಯಾ? ಯಾರು ಎಷ್ಟರ ತನಕ ಖರ್ಚು ಮಾಡಬಹುದು, ಬಿಲ್ ಸಿಗದಿದ್ದರೆ ಏನು ಬರೆದುಕೊಡಬೇಕು ಅಂತ? ಇದ್ದಿದ್ದರೆ ನೀವು ಅವರನ್ನು ಕೇಳಬೇಕಾಗಿಯೇ ಇರಲಿಲ್ಲ, ನಿಯಮ ಕೇಳುತ್ತಿತ್ತು. ನಮ್ಮಲ್ಲಿ ಅರ್ಧ ಜಗಳ ಮನುಷ್ಯರದ್ದಲ್ಲ, ಬರೆದಿಡದೇ ಇರುವ ನಿಯಮದ್ದು.

ಹಳೇ ಖಜಾಂಚಿ

ಇಲ್ಲ ಸರ್. ಎಲ್ಲ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಹಿಂದೆ ಎರಡು ಸಲ ಬೇರೆಯವರಿಗೆ ಬಿಲ್ ಇಲ್ಲದೆ ಕೊಟ್ಟಿದ್ದೂ ಉಂಟು. ಈಗ ಬರೆಯುವಾಗ ನೆನಪಾಗುತ್ತಿದೆ.

ಪಾಸ್ಟರ್ ಮಗ

ಅವರಿಗೆ ಅದು ನೆನಪಿಲ್ಲದೇ ಇರುತ್ತದಾ?

ಬಿಲ್ ಅಂದರೆ ಬಿಲ್ಲೇ

ಸರಿ, ಇದು ನನಗೆ ಗೊತ್ತಿರಲಿಲ್ಲ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಅಂದರೆ ನನ್ನ ವಾದ ಅರ್ಧ ಬಿದ್ದುಹೋಯಿತು. ಉಳಿದರ್ಧ ನಿಂತಿದೆ. ಬಿಲ್ ಕೇಳಿದ್ದಕ್ಕೆ ಕ್ಷಮೆ ಕೇಳಬೇಡಿ. ಎಲ್ಲರ ಮುಂದೆ ಕೇಳಿದ್ದಕ್ಕೆ ಕೇಳಿ.

ನಿವೃತ್ತ ಸಭಾಪಾಲಕ

ಆ ಎರಡನ್ನೂ ಬಿಡಿಸಿ ಹೇಳಿದ್ದು ಚೆನ್ನಾಗಿದೆ. ಒಂದು ಸೇರಿಸುತ್ತೇನೆ. "ನಿನಗೆ ಬೇಜಾರಾಗಿದ್ದರೆ ಕ್ಷಮಿಸು" ಅನ್ನಬೇಡಿ. ಅದು ಅವರ ಬೇಜಾರನ್ನೇ ತಪ್ಪು ಮಾಡುವ ಮಾತು. ಏನು ಮಾಡಿದಿರೋ ಅದರ ಹೆಸರು ಹೇಳಿ. ಆಮೇಲೆ "ಆದರೆ" ಅನ್ನುವ ಪದ ನಾಲಿಗೆಗೆ ಬಂದರೆ ನುಂಗಿಕೊಳ್ಳಿ.

ಮಾಡರೇಟರ್

ಒಬ್ಬರು ತಮ್ಮ ಸಭೆಯ ಹೆಸರು, ಪಾಸ್ಟರ್ ಹೆಸರು ಎಲ್ಲ ಹಾಕಿ ಬರೆದಿದ್ದ ಪೋಸ್ಟ್ ತೆಗೆದಿದ್ದೇನೆ. ನಿಮ್ಮ ಅನುಭವ ಬರೆಯಿರಿ, ಹೆಸರು ಬೇಡ. ಜಗಳ ಬಗೆಹರಿಸುವ ಚರ್ಚೆಯಲ್ಲೇ ಇನ್ನೊಂದು ಹುಟ್ಟುವುದು ಬೇಡ.

ಇತಿಹಾಸದ ಹುಚ್ಚು

ತಡವಾಗಿ ಬಂದೆ. ಕರ್ತನ ಭೋಜನಕ್ಕೆ ಮೊದಲು ರಾಜಿ ಆಗಬೇಕು ಅನ್ನುವುದು ತೀರಾ ಹಳೆಯ ರೂಢಿ. ಡಿಡಾಖೆ ಅನ್ನುವ ಆದಿ ಸಭೆಯ ಕೈಪಿಡಿಯ 14ನೇ ಅಧ್ಯಾಯದಲ್ಲೇ ಇದೆ: ನೆರೆಯವನ ಜೊತೆ ಜಗಳ ಇರುವವನು ರಾಜಿ ಆಗುವ ತನಕ ಕೂಟಕ್ಕೆ ಸೇರಬಾರದು. ಆಮಿಷ್ ಅನ್ನುವ, ಹಳೇ ಕಾಲದ ಸರಳ ರೀತಿಯಲ್ಲಿ ಬದುಕುವ ಕ್ರೈಸ್ತ ಪಂಗಡದಲ್ಲಿ ವರ್ಷಕ್ಕೆ ಎರಡೇ ಸಲ ಭೋಜನ. ಅದಕ್ಕೆ ಮೊದಲು ಒಂದು ಆಲೋಚನಾ ಸಭೆ ಕೂಡುತ್ತದೆ. ಸಭೆಯಲ್ಲಿ ಸಮಾಧಾನ ಇಲ್ಲ ಅನಿಸಿದರೆ ಭೋಜನವನ್ನೇ ಮುಂದಕ್ಕೆ ಹಾಕುತ್ತಾರೆ. ಒಬ್ಬನನ್ನು ಹೊರಗಿಡುವುದಲ್ಲ, ಎಲ್ಲರೂ ಕಾಯುತ್ತಾರೆ.

ಆರ್ಥಡಾಕ್ಸ್ ಸಭೆಗಳಲ್ಲಿ ಇನ್ನೂ ಒಂದು ಚಂದ ಇದೆ. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಶುರುವಾಗುವ ಹೊಸ್ತಿಲಲ್ಲಿ ಕ್ಷಮೆಯ ಭಾನುವಾರ ಅಂತ ಮಾಡುತ್ತಾರೆ. ಸಂಜೆಯ ಆರಾಧನೆ ಮುಗಿದ ಮೇಲೆ ಎಲ್ಲರೂ ಸಾಲಾಗಿ ಬಂದು ಒಬ್ಬೊಬ್ಬರ ಎದುರು ಬಗ್ಗಿ "ನನ್ನನ್ನು ಕ್ಷಮಿಸು" ಅನ್ನುತ್ತಾರೆ. ಎದುರಿನವರು "ದೇವರು ಕ್ಷಮಿಸುತ್ತಾನೆ" ಅನ್ನುತ್ತಾರೆ. ಗುರುಗಳೂ ಬಗ್ಗುತ್ತಾರೆ, ಮಕ್ಕಳ ಎದುರಿಗೂ.

ಹೊರಗೆ ನಿಂತವಳು

ಕೇಳಲು ಚಂದ ಇದೆ. ಆದರೆ ಆ ಸಾಲಿನಲ್ಲಿ ನನ್ನ ಎದುರು ಆ ಮುಖಂಡರು ಬಂದು ನಿಂತಿದ್ದರೆ? ಎಲ್ಲರೂ ನೋಡುತ್ತಿರುವಾಗ ನಾನು ಏನು ಹೇಳಬೇಕಿತ್ತು?

ಇತಿಹಾಸದ ಹುಚ್ಚು

ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸಿಸ್ಟರ್.

ನಿವೃತ್ತ ಸಭಾಪಾಲಕ

ನನ್ನ ಅಭಿಪ್ರಾಯ ಹೇಳುತ್ತೇನೆ. ನೀವು ಏನೂ ಹೇಳಬೇಕಾಗಿರಲಿಲ್ಲ. ಹಿರಿಯನ ಮೇಲಿನ ದೂರಿನ ಬಗ್ಗೆ 1 ತಿಮೊಥೆಯ 5ರಲ್ಲಿ ಬೇರೆಯೇ ದಾರಿ ಇದೆ. ಇಬ್ಬರು ಮೂವರ ಸಾಕ್ಷಿ ಇದ್ದರೆ ದೂರು ಸ್ವೀಕರಿಸಬೇಕು, ಪಾಪ ಮಾಡುತ್ತಿರುವವರನ್ನು ಎಲ್ಲರ ಮುಂದೆ ಗದರಿಸಬೇಕು. ಯಾರ ಪಕ್ಷವನ್ನೂ ಹಿಡಿಯಬಾರದು ಅಂತ ಮುಂದಿನ ಮಾತಿನಲ್ಲೇ ಇದೆ. ಆ ಸಾಕ್ಷಿಯ ಮಾತನ್ನೂ ದೂರು ತಳ್ಳಿಹಾಕಲು ಬಳಸಿದವರಿದ್ದಾರೆ, ಗೊತ್ತು. ಕ್ಷಮಿಸುವುದು ನಿಮಗೂ ದೇವರಿಗೂ ಬಿಟ್ಟದ್ದು, ಅದಕ್ಕೆ ಬೇಕಾದಷ್ಟು ಕಾಲ ಇದೆ. ಅವರನ್ನು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸುವುದು ಸಭೆಯ ನಿರ್ಧಾರ. ಎರಡಕ್ಕೂ ಗಂಟು ಹಾಕಿದ್ದು ನಮ್ಮಂಥವರ ತಪ್ಪು.

ಹಳೇ ಖಜಾಂಚಿ

ಐದು ವಾರ ಆಯಿತು, ಬರೆದಿರಲಿಲ್ಲ. ಏನಾಯಿತು ಅಂತ ಹೇಳುತ್ತೇನೆ.

ಆ ಭಾನುವಾರ ನಾನು ಭೋಜನ ತೆಗೆದುಕೊಳ್ಳಲಿಲ್ಲ. ಯಾರಿಗೂ ಹೇಳದೆ ಜಾಗದಲ್ಲೇ ಕೂತಿದ್ದೆ. ಅವತ್ತೇ ಸಂಜೆ ಒಬ್ಬನೇ ಅವನ ಮನೆಗೆ ಹೋದೆ. ಬಾಗಿಲು ತೆಗೆದು ನನ್ನ ಹಿಂದೆ ನೋಡಿದ. ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಒಳಗೆ ಬಿಟ್ಟ.

"ಹನ್ನೊಂದು ಜನರ ಮುಂದೆ ಕೇಳಿದೆ. ಫೋನ್ ಮಾಡಬೇಕಿತ್ತು. ಬೇರೆಯವರಿಗೆ ಬಿಲ್ ಇಲ್ಲದೆ ಕೊಟ್ಟಿದ್ದೀನಿ, ನಿನಗೆ ಮಾತ್ರ ಕೇಳಿದೆ. ತಪ್ಪು ಮಾಡಿದೆ" ಅಂದೆ. "ಆದರೆ" ಬಾಯಿಗೆ ಬಂತು, ನುಂಗಿಕೊಂಡೆ. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಫ್ಯಾನ್ ಸದ್ದು ಕೇಳುತ್ತಾ ಕೂತಿದ್ದೆವು.

ಆಮೇಲೆ ಹೇಳಿದ. ಶನಿವಾರ ರಾತ್ರಿ ಅಂಗಡಿ ಮುಚ್ಚಿತ್ತು, ಅಂಗಡಿಯವರ ಮನೆಗೇ ಹೋಗಿ ಬಾಗಿಲು ತೆಗೆಸಿದ್ದ. ಬಿಲ್ ಪುಸ್ತಕ ಆಗ ಕೈಗೆ ಸಿಗಲಿಲ್ಲ. ಎಷ್ಟೋ ದಿನ ಓಡಾಡಿ ಬಿಲ್ ತಂದಿದ್ದ. ಮೀಟಿಂಗ್ ದಿನ ಅದು ಅವನ ಅಂಗಿಯ ಜೇಬಿನಲ್ಲೇ ಇತ್ತು. ಮೀಟಿಂಗ್ ಮುಗಿದ ಮೇಲೆ ಕೊಡೋಣ ಅಂತಿದ್ದ. ನಾನು ಹಾಗೆ ಕೇಳಿದ ಮೇಲೆ ತೆಗೆದು ಕೊಡಲು ಮನಸ್ಸು ಬರಲಿಲ್ಲವಂತೆ. "ಕೊಟ್ಟಿದ್ರೆ ನಾನು ಕಳ್ಳ ಅಲ್ಲ ಅಂತ ಸಾಬೀತು ಮಾಡಿದ ಹಾಗೆ ಆಗ್ತಿತ್ತು. ನಿನ್ನ ಮುಂದೆ ನಾನ್ಯಾಕೆ ಸಾಬೀತು ಮಾಡಬೇಕು?" ಅಂದ.

ಬಿಲ್ ಎಲ್ಲಿ ಅಂತ ನಾನು ಕೇಳಲಿಲ್ಲ. ಅವನೇ ಹೇಳಿದ. ಅಂಗಿ ಒಗೆಯುವಾಗ ಮುದ್ದೆಯಾಯಿತಂತೆ. ನನಗೆ ನಗು ಬಂತು. ಅವನಿಗೆ ಬರಲಿಲ್ಲ.

ಮುಂದಿನ ಕಮಿಟಿಯಲ್ಲಿ, ಅದೇ ಹನ್ನೊಂದು ಜನರ ಮುಂದೆ, ನಾನು ಮಾಡಿದ್ದನ್ನು ಹೇಳಿ ಮೀಟಿಂಗ್ ಪುಸ್ತಕದಲ್ಲಿ ಬರೆಸಿದೆ. ಪ್ಯಾರಿಷ್ ಕೌನ್ಸಿಲ್ ಸರ್ ಹೇಳಿದ ಹಾಗೆ ತುರ್ತು ಖರ್ಚಿನ ನಿಯಮವನ್ನೂ ಬರೆದು ಪಾಸ್ ಮಾಡಿಸಿದೆವು. ಬಿಲ್ ಕಳೆದರೆ ಇಬ್ಬರ ಸಹಿ ಇರುವ ವೋಚರ್. ಅವನ ವೋಚರಿಗೆ ಒಂದು ಸಹಿ ನನ್ನದು. ದುಡ್ಡು ತಲುಪಿದೆ.

ಅವನು ಇನ್ನೂ ಸಭೆಗೆ ಬಂದಿಲ್ಲ. ಬೀಗದ ಕೈ ನನ್ನ ಮೇಜಿನ ಡ್ರಾಯರಿನಲ್ಲಿದೆ, ಬೇರೆ ಯಾರಿಗೂ ಕೊಟ್ಟಿಲ್ಲ. ಸೌಂಡ್ ನಾನೇ ನೋಡಿಕೊಳ್ಳುತ್ತಿದ್ದೇನೆ, ಕೆಟ್ಟದಾಗಿ. ನಿನ್ನೆ ಆರಾಧನೆ ಪೂರ್ತಿ ಗುಂಯ್ ಅಂತ ಸದ್ದು. ಪ್ರಸಂಗದ ನಡುವೆ ಫೋನ್ ಅದುರಿತು. ಅವನ ಮೆಸೇಜ್. ನಾಲ್ಕು ತಿಂಗಳಲ್ಲಿ ಮೊದಲನೆಯದು. "ಎರಡನೇ ಚಾನೆಲ್ ಕೇಬಲ್ ಬದಲಾಯಿಸು." ನಮಸ್ಕಾರ ಇಲ್ಲ, ಹೆಸರಿಲ್ಲ. ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ನೋಡುತ್ತಿದ್ದ ಅಂತ ಆಗ ಗೊತ್ತಾಯಿತು.

ನಾನು "ಸರಿ" ಅಂತ ಕಳಿಸಿದೆ. ಬದಲಾಯಿಸಿದೆ, ಸದ್ದು ನಿಂತಿತು. ಇನ್ನು ಏನು ಬರೆಯಲಿ ಅಂತ ಗೊತ್ತಾಗುತ್ತಿಲ್ಲ.

ಬಿಲ್ ಅಂದರೆ ಬಿಲ್ಲೇ

ಆ ವೋಚರ್ ನಮೂನೆ ಸ್ವಲ್ಪ ಇಲ್ಲಿ ಹಾಕುತ್ತೀರಾ? ನಮ್ಮ ಕಮಿಟಿಗೂ ಬೇಕು.

ಆಲ್ಟೋ ಅಕ್ಕ

ತಮ್ಮಾ, "ಸರಿ" ಅಂತ ಬರೆದು ಬಾಗಿಲು ಮುಚ್ಚಿಬಿಟ್ಟಿರಲ್ಲ! ಹಳೇ ಕೇಬಲ್ ಬಿಸಾಡಬೇಕಾ, ರಿಪೇರಿ ಆಗುತ್ತಾ ಅಂತ ಕೇಳಿ. ಗೊತ್ತಿದ್ದರೂ ಕೇಳಿ.

ಹಳೇ ಖಜಾಂಚಿ

ಕೇಳಿದೆ ಅಕ್ಕ. "ಬಿಸಾಡಬೇಡ, ಇಟ್ಟಿರು" ಅಂದಿದ್ದಾನೆ.